ಹೊರಗೆ ಬಿಡಬೇಕಾದ ಕಿವಿ

ನನ್ನ ಹತ್ತಿರ ಮೂರು ಬಗೆಯ ಹೆಡ್‌ಫೋನ್ ಇದ್ದವು. ರೊಂಗಾಯಿಯಿಂದ ನೈರೋಬಿ ಪೇಟೆಗೆ ಬರುವ ಮಟಾಟು ಬಸ್ಸಿನಲ್ಲಿ ಹಾಡು ಎದೆಗೇ ಗುದ್ದುತ್ತದೆ. ಅಲ್ಲಿಗೆ ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಮೆತ್ತೆಯದು. ಮಲಗಿ ಕೇಳಲು ಕಿವಿಯೊಳಗೆ ಸಿಕ್ಕಿಸುವ ಪುಟ್ಟದ್ದು. ಇನ್ನು ಕೆಲಸಕ್ಕೆ, ನಮ್ಮ ಅನುವಾದಕರ ಗಾಜಿನ ಗೂಡಿಗೆ, ಆಫೀಸಿನವರು ಕೊಟ್ಟ ಹಗುರದ್ದು. ಹಗುರ ಅನ್ನುವುದು ಹೆಸರಿಗೆ ಮಾತ್ರ. ಒಂದು ಗಂಟೆ ಹಾಕಿಕೊಂಡರೆ ಕಿವಿಯ ಅಂಚು ಕೆಂಡವಾಗುತ್ತಿತ್ತು.

ಆವತ್ತು ನನ್ನ ಪರೀಕ್ಷೆ. ಚಹಾ ಬೆಳೆಗಾರರ ಸಭೆಯಲ್ಲಿ ಇಂಗ್ಲಿಷ್ ಭಾಷಣ ಕೇಳುತ್ತ ಕೇಳುತ್ತಲೇ ಸ್ವಾಹಿಲಿಯಲ್ಲಿ ಹೇಳಬೇಕು. ನಮ್ಮ ಮುಖ್ಯಸ್ಥೆ ಕವೀರಾ ಒಪ್ಪಿದರೆ ಕೆಲಸ ಖಾಯಂ. ಆರು ವರ್ಷ ಕರೆದಾಗಲೆಲ್ಲ ಓಡಿ ಓಡಿ ಸಾಕಾಗಿ ಹೋಗಿತ್ತು. ಬೆಳಗ್ಗೆಯಿಂದ ಕಾಲು ಒಂದೇ ಸಮ ಕುಣಿಯುತ್ತಿತ್ತು. ಇದರ ಜೊತೆಗೆ ಕಿವಿನೋವು ಬೇರೆ ಯಾಕೆ ಎಂದು ಬಸ್ಸಿನ ದಪ್ಪ ಹೆಡ್‌ಫೋನನ್ನೇ ಗೂಡಿಗೆ ತಂದೆ.

ಗೂಡಿನ ಜೊತೆಗಾರ ಮಕೋಖಾ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಹಿರಿಯರು. ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಕೆಮುಂಟೋ, ಒಂದು ಕಿವಿ ಹೊರಗೆ ಬಿಡಮ್ಮ. ನಿನ್ನ ಮಾತು ನಿನಗೆ ಕೇಳಿಸ್ತಿರಬೇಕು."

ಕಿವಿ ನನ್ನದು ತಾನೆ, ಇವರಿಗೇನು ಕಷ್ಟ ಎಂದು ಒಳಗೊಳಗೇ ಸಿಡುಕಿದೆ. ಆಯಿತು ಎಂದು ತಲೆಯಾಡಿಸಿದೆನೇ ಹೊರತು ಬಿಡಲಿಲ್ಲ. ನಾನು ಶುರು ಮಾಡಿದ್ದೇ ಅವರು ಭಾಷಣದ ಪ್ರತಿ ತರಲು ಹೋದರು.

ಎಷ್ಟು ಹಾಯಾಗಿತ್ತು! ಭಾಷಣಕಾರನ ದನಿ ಬಿಟ್ಟರೆ ಬೇರೇನೂ ಇಲ್ಲ. ಎಲ್ಲಿಯೂ ತಡವರಿಸಲಿಲ್ಲ. ಕಾಲು ಕುಣಿಯುವುದೂ ನಿಂತಿತು. ಅಷ್ಟರಲ್ಲಿ ಮಕೋಖಾ ಬಂದವರೇ ನನ್ನ ಮೈಕ್ ಆರಿಸಿದರು. ತಮ್ಮ ಮೈಕ್ ಹಚ್ಚಿ ಸ್ವಾಹಿಲಿಯಲ್ಲಿ ಮುಂದುವರಿಸುತ್ತಲೇ ಒಂದು ಚೀಟಿ ಗೀಚಿ ನನ್ನ ಕಡೆ ತಳ್ಳಿದರು. ನೀನು ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಹೇಳುತ್ತಿದ್ದೀಯ ಎಂದಿತ್ತು ಅದರಲ್ಲಿ.

ಅವರು ಹೊರಗಿದ್ದದ್ದು ನಾಲ್ಕು ನಿಮಿಷ. ಸ್ವಾಹಿಲಿ ಕೇಳುತ್ತಿದ್ದವರು ಕಿಸೀ ಕಡೆಯ ಎಂಟು ಹೆಂಗಸರು. ಒಬ್ಬರೂ ಕೈ ಎತ್ತಿರಲಿಲ್ಲ.

ಕವೀರಾ ಬಂದು ಕೂತದ್ದು ಆಮೇಲೆ. ಆಫೀಸಿನ ಹೆಡ್‌ಫೋನ್ ಒಂದೇ ಕಿವಿಗೆ ಇಟ್ಟು ಉಳಿದ ಭಾಷಣವನ್ನು ಚೆನ್ನಾಗಿಯೇ ಹೇಳಿದೆ. ಬಿಡುವಿನಲ್ಲಿ ಅವರು ಕೈ ಕುಲುಕಿ, ನಾಳೆ ಬಂದು ಸಹಿ ಹಾಕು ಎಂದರು. ಮಕೋಖಾ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಖುಷಿಯಾಗಬೇಕಿತ್ತು, ಆಗಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಭಾಷಣದ ಪ್ರತಿ ತಿರುವಿದೆ. ಆ ನಾಲ್ಕು ನಿಮಿಷದಲ್ಲಿ ಇದ್ದದ್ದು ಇದು: ಆಲಿಕಲ್ಲು ಬಿದ್ದು ಗಿಡ ಹಾಳಾದವರಿಗೆ ಹೊಸ ಸಸಿ ಕೊಡುತ್ತಾರೆ, ಹೆಸರು ಬರೆಸಲು ಇವತ್ತು ಸಂಜೆಯೇ ಕೊನೆ.

ಆ ಎಂಟು ಜನರಲ್ಲಿ ಹಿರಿಯರಾದ ಮೊರಾ, ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು.

"ಮಗಳೇ, ನಡುವೆ ಏನೂ ತಿಳೀಲಿಲ್ಲ. ನಾವೇ ಯಾವ್ದೋ ಗುಂಡಿ ಒತ್ತಿ ಕೆಡಿಸಿಬಿಟ್ವಿ ಅನ್ಸುತ್ತೆ. ಬೈಬೇಡ."

ಕವೀರಾ ಪಕ್ಕದಲ್ಲೇ ನಿಂತಿದ್ದರು. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು.

"ನೀವೇನೂ ಕೆಡಿಸಿಲ್ಲಮ್ಮ. ಕೆಡಿಸಿದ್ದು ನಾನು."

ಯಾರ ಮುಖವನ್ನೂ ನೋಡದೆ ಗೂಡಿಗೆ ನಡೆದೆ. ಎಂಟೂ ಜನ ಮತ್ತೆ ಕೂತ ಮೇಲೆ ಮೈಕ್ ಹಚ್ಚಿ, ತಪ್ಪು ನನ್ನದು ಎಂದು ಹೇಳಿ, ಬಿಟ್ಟುಹೋದದ್ದನ್ನೆಲ್ಲ ಸ್ವಾಹಿಲಿಯಲ್ಲಿ ಓದಿದೆ. ಮುಗಿಯುವ ಮೊದಲೇ ಮೊರಾ ಎದ್ದು ಹೆಸರು ಬರೆಸುವ ಮೇಜಿನತ್ತ ಓಡಿದರು.

ಸಹಿಯ ಮಾತನ್ನು ಕವೀರಾ ಮತ್ತೆ ಎತ್ತಲಿಲ್ಲ. ಓದುವಾಗ ಕಿವಿಗೆ ಏನೂ ಹಾಕಿಕೊಂಡಿರಲಿಲ್ಲ. ನನ್ನ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು.