ತಾಲೀಮಿನಲ್ಲಿ ಆಡದ ಮಾತು

ಮರ್ಲ್ ಕೋಟಿನ ಮೂರನೆಯ ಗುಂಡಿ ಹಾಕಿದಳು. ಎರಡು ವರ್ಷದ ಕಾಯಿಲೆಯಲ್ಲಿ ಆಲ್ಬಿ ಎಷ್ಟು ಇಳಿದುಹೋಗಿದ್ದನೆಂದರೆ ಕೋಟು ಅವನ ಮೈಮೇಲೆ ಬೇರೆ ಯಾರದೋ ಅನ್ನುವ ಹಾಗೆ ಬಿದ್ದಿತ್ತು. ಅವಳು ಬೆನ್ನ ಕಡೆ ಬಟ್ಟೆ ಸೆಳೆದು ಪಿನ್ನು ಚುಚ್ಚಿದಳು. ಶವಪೆಟ್ಟಿಗೆಯಲ್ಲಿ ಮಲಗಿದವನ ಬೆನ್ನು ಯಾರು ನೋಡುತ್ತಾರೆ. ಮೂವತ್ತು ವರ್ಷ ಪರದೆಯ ಹಿಂದೆ ಅವನಿಗೆ ಕೋಟು ತೊಡಿಸಿದವಳು ಅವಳು. ಇವತ್ತೊಂದು ದಿನ ಹೆಣ ಸಿಂಗರಿಸುವ ಅಂಗಡಿಯವನ ಕೈಗೆ ಬಿಡಲು ಮನಸ್ಸು ಒಪ್ಪಿರಲಿಲ್ಲ.

ನೆವ್ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡಿಕೊಂಡಿದ್ದವನು, ಆಲ್ಬಿಯ ಹಳೆಯ ಗೆಳೆಯ.

"ಲೋರ್ನಾ ಬಂದಿದಾಳೆ ಕಣೇ," ಅಂದ. "ಬ್ರಿಸ್ಬೇನ್ ರೈಲಲ್ಲಿ. ಚರ್ಚಲ್ಲಿ ಮುಂದಿನ ಬೆಂಚು ಅವಳಿಗೆ ಅಂತ ಫಾದರ್ ಹೇಳಿದ್ರು."

"ಹೆಂಡತಿಗಲ್ದೆ ಇನ್ಯಾರಿಗೆ?"

"ನಿನಗೆ."

ಮರ್ಲ್ ಕೋಟಿನ ಕಾಲರು ಸರಿಮಾಡಿದಳು. ಆಲ್ಬಿಯೂ ಲೋರ್ನಾಳೂ ಬೇರೆಯಾಗಿ ಮೂವತ್ತಮೂರು ವರ್ಷವಾಗಿತ್ತು, ಆದರೆ ಕ್ಯಾಥೊಲಿಕರಿಗೆ ಮದುವೆಯಿಂದ ಬಿಡುಗಡೆ ಎಲ್ಲಿಂದ ಬರಬೇಕು. ಬೆಳಗಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು: ಹಳೆಯ ಚಿತ್ರನಟ ಆಲ್ಬಿ ಕರ್ಸ್‌ಲೇಕ್ ಮೇರಿಬರೊದಲ್ಲಿ ನಿಧನ, ಪತ್ನಿ ಲೋರ್ನಾರನ್ನು ಅಗಲಿದ್ದಾರೆ. ಅಷ್ಟೇ. ಡೇರೆ ನಾಟಕದ ಮೂವತ್ತು ವರ್ಷಕ್ಕೆ ಒಂದು ಸಾಲೂ ಇರಲಿಲ್ಲ, ಮರೆಯಲ್ಲಿ ಕೂತು ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರ್ ಮರ್ಲ್‌ಗೆ ಎಲ್ಲಿಂದ ಬರಬೇಕು.

"ನನಗೆ ಹಿಂದಿನ ಕಂಬದ ಪಕ್ಕ ಸಾಕು," ಅಂದಳು. "ನೀನು ಪೂಜೆ ಆದ್ಮೇಲೆ ಅವನ ನಾಟಕದ ಕೊನೇ ಅಂಕದ ಮಾತು ಸರಿಯಾಗಿ ಹೇಳು. ಅವನು ಕೇಳಿಕೊಂಡದ್ದು ಅದೊಂದೇ."

*

ಸಿಡ್ನಿಯ ಸ್ಟುಡಿಯೋಗಳು ಯುದ್ಧದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವ ಮೊದಲು ಆಲ್ಬಿ ಮೂರು ಸಿನಿಮಾ ಮಾಡಿದ್ದ. ಎರಡರಲ್ಲಿ ಕುದುರೆ ಮೇಲೆ ಬಂದು ಗುಂಡೇಟಿಗೆ ಸತ್ತ, ಒಂದರಲ್ಲಿ ನಾಯಕಿಯನ್ನು ಮದುವೆಯಾದ. ಹಳ್ಳಿಗಾಡಿನ ಜನ ಅವನನ್ನು ನೋಡಲು ನಲವತ್ತು ಮೈಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಅಂಥವನು ಒಂದು ಮಧ್ಯಾಹ್ನ ಚಾರ್ಲ್‌ವಿಲ್‌ನಲ್ಲಿ ಹಾಕಿದ್ದ ಡೇರೆಗೆ ಸೂಟ್‌ಕೇಸು ಹಿಡಿದು ಬಂದು ಕೆಲಸ ಕೇಳಿದ. ಕಂಪನಿಯವರು ತಮಾಷೆ ಅಂದುಕೊಂಡರು.

ಮೊದಲ ಆಟದಲ್ಲೇ ಎರಡನೆಯ ಅಂಕದ ಮಾತು ಮರೆತ. ಪರದೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮರ್ಲ್ ಎರಡೇ ಪದ ಹೇಳಿಕೊಟ್ಟಳು. ಪ್ರಾಂಪ್ಟರ್ ಪೂರ್ತಿ ಮಾತು ಹೇಳುವುದಿಲ್ಲ. ಮೊದಲ ಎರಡು ಪದ ಕೊಟ್ಟು ಸುಮ್ಮನಾಗಬೇಕು, ಉಳಿದದ್ದನ್ನು ನಟ ಎತ್ತಿಕೊಳ್ಳುತ್ತಾನೆ. ಆ ಎರಡು ಪದ ನಟನಿಗೆ ಕೇಳಬೇಕು, ಮುಂದಿನ ಸಾಲಿನವರಿಗೆ ಕೇಳಬಾರದು. ಆ ವಿದ್ಯೆ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು ಅನ್ನಬೇಕು.

ಆಟ ಮುಗಿದ ಮೇಲೆ ಅವನು ಬಂದು ಅವಳ ಪಕ್ಕ ಪೆಟ್ಟಿಗೆಯ ಮೇಲೆ ಕೂತ.

"ಸಿನಿಮಾದಲ್ಲಿ ಮರೆತ್ರೆ ಇನ್ನೊಂದ್ಸಲ ತೆಗೀತಾರೆ," ಅಂದ. "ಮೂಲೇಲಿ ಯಾರೂ ಕೂತಿರಲ್ಲ ಕಣೇ. ಅದು ನನಗೆ ಆಗ್ಲಿಲ್ಲ."

ಅವಳನ್ನು ಒಲಿಸಿಕೊಳ್ಳಲು ಅವನು ಆಡಿದ ಮಾತು ಇದೊಂದೇ. ಆಮೇಲೆ ಒಂದೇ ಗಾಡಿಮನೆ, ಒಂದೇ ಕೆಟಲ್, ಕಬ್ಬಿನ ಊರುಗಳು, ಕುರಿಯ ಊರುಗಳು. ಕಂಪನಿಗೆ ಅನ್ನ ಹಾಕಿದ ನಾಟಕ "ಹಡಗಿನಿಂದ ಬಂದವನು". ಇಪ್ಪತ್ತು ವರ್ಷ ಕಡಲಲ್ಲಿ ಕಳೆದುಹೋದವನು ಕೊನೆಯ ಅಂಕದಲ್ಲಿ ಹಿಂತಿರುಗಿ ಮನೆಯವಳ ಕೈ ಹಿಡಿದು ಹೇಳುತ್ತಾನೆ: "ನಾನು ತಿರುಗಿ ಬಂದದ್ದು ಈ ಊರಿಗಲ್ಲ. ನಿನ್ನ ಹತ್ತಿರಕ್ಕೆ." ಪರದೆ ಬೀಳುತ್ತದೆ, ಹೆಂಗಸರು ಮೂಗು ಒರೆಸಿಕೊಳ್ಳುತ್ತಾರೆ. ಆ ಮಾತನ್ನು ಆಲ್ಬಿ ಏಳು ಮಂದಿ ನಾಯಕಿಯರಿಗೆ ಹೇಳಿದ. ಏಳು ಮಂದಿಗೂ ಹೇಳುವುದನ್ನು ಮರ್ಲ್ ಆರಡಿ ದೂರದ ಕತ್ತಲಲ್ಲಿ ಕೂತು ಕೇಳಿದಳು. ಒಂದು ಸಲ, ಒಂದೇ ಒಂದು ಸಲ, ಮುಖ ಈ ಕಡೆ ತಿರುಗಿಸಿ ಹೇಳಲಿ ಎಂಬ ಆಸೆ ಅವಳಿಗಿತ್ತು. ಕೇಳಿ ಪಡೆಯುವ ಮಾತೇ ಅದು?

*

ಚರ್ಚಿನ ಮೆಟ್ಟಿಲ ಬಳಿ ಲೋರ್ನಾ ಅವಳನ್ನು ನಿಲ್ಲಿಸಿದಳು. ಕಪ್ಪು ಕೈಗವಸು, ಪುಟ್ಟ ಟೋಪಿ, ಬಿಸಿಲಿಗೆ ಪೌಡರು ಗೆರೆಗೆರೆಯಾಗಿತ್ತು. ಮರ್ಲ್ ಅಂದುಕೊಂಡದ್ದಕ್ಕಿಂತ ಬಹಳ ವಯಸ್ಸಾದವಳು.

"ಕಂಪನಿಯ ಬಟ್ಟೆಬರೆ ನೋಡ್ಕೊಳ್ತಿದ್ದವರು ನೀವೇ ತಾನೇ?"

"ಹೌದಮ್ಮ. ಪುಸ್ತಕಾನೂ."

ಲೋರ್ನಾ ಕೈಗವಸಿನ ಬೆರಳು ಎಳೆದಳು. ಜಗಳಕ್ಕೆ ಬಂದವಳ ಮುಖ ಅದಾಗಿರಲಿಲ್ಲ.

"ಅವನು ನಿದ್ದೇಲಿ ಮಾತಾಡ್ತಿದ್ದ. ಈಗಲೂ ಆಡ್ತಿದ್ನಾ?"

"ಆಡ್ತಿದ್ದ."

"ನನ್ನ ಹೆಸರು ಏನಾದ್ರೂ..."

ಅವನು ನಿದ್ದೆಯಲ್ಲಿ ಆಡುತ್ತಿದ್ದದ್ದು ನಾಟಕದ ಮಾತು, ಅದೂ ಅಂಕ ತಪ್ಪಿ. ಯಾರ ಹೆಸರೂ ಅದರಲ್ಲಿ ಇರಲಿಲ್ಲ, ಮರ್ಲ್‌ಳದ್ದೂ. ಆದರೆ ಎದುರಿಗಿದ್ದವಳು ಮಾತು ಮರೆತು ನಿಂತ ನಟಿಯ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದಳು.

"ಹೇಳ್ತಿದ್ದ," ಅಂದಳು ಮರ್ಲ್. "ಒಂದೆರಡು ಸಲ."

ಲೋರ್ನಾ ಅವಳ ಮೊಣಕೈ ಹಿಡಿದು, ಬಿಟ್ಟು, ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಮರ್ಲ್ ಕಂಬದ ಪಕ್ಕ ಹೋದಳು. ತನಗೇ ಸಿಗದ್ದನ್ನು ಇನ್ನೊಬ್ಬಳಿಗೆ ಕೊಟ್ಟುಬಂದಿದ್ದಳು.

*

ಕಳೆದ ವರ್ಷ ಅವನಿಗೆ ನೆನಪು ಹೋಗತೊಡಗಿತು. ಮೊದಲು ಊರುಗಳ ಹೆಸರು, ಆಮೇಲೆ ನೆವ್, ಆಮೇಲೆ ಮರ್ಲ್. ಬೆಳಿಗ್ಗೆ ಅವಳನ್ನು "ಯಾರಮ್ಮ ನೀವು?" ಅಂತ ಮರ್ಯಾದೆಯಿಂದ ಕೇಳುತ್ತಿದ್ದ. ಅವಳು ಒಲೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ಮಧ್ಯಾಹ್ನ ಪುಸ್ತಕ ತೆರೆದು ಎರಡು ಪದ ಕೊಟ್ಟರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು, ಇಡೀ ಕೊನೆಯ ಅಂಕ ನೀರು ಹರಿದಂತೆ ಬರುತ್ತಿತ್ತು. ಕೊನೆಯ ಮಾತಿನ ಹತ್ತಿರ ಬಂದು ಮಾತ್ರ ನಿಲ್ಲಿಸುತ್ತಿದ್ದ.

"ಅದನ್ನೂ ಹೇಳೋ," ಅಂದಳು ಒಂದು ದಿನ. "ಇಲ್ಲಿ ನಾನೊಬ್ಬಳೇ ಇರೋದು."

ಅವನು ಮಗುವಿಗೆ ಬುದ್ಧಿ ಹೇಳುವವನಂತೆ ತಲೆಯಾಡಿಸಿದ.

"ತಾಲೀಮಲ್ಲಿ ಕೊನೇ ಮಾತು ಆಡಬಾರದಮ್ಮ. ಆಡಿದ್ರೆ ಆಟ ಮುಗಿದು ಹೋಗುತ್ತೆ. ನಿನಗೆ ಯಾರೂ ಹೇಳಿಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಡೇರೆಯವರೆಲ್ಲರ ಕಟ್ಟಳೆ ಅದು. ಕೊನೆಯ ಮಾತು ಜನರ ಮುಂದೆಯೇ ಆಡಬೇಕು. ಅವಳನ್ನು ಮರೆತವನಿಗೆ ಅದು ಮಾತ್ರ ಮರೆತಿರಲಿಲ್ಲ.

*

ಪೂಜೆ ಮುಗಿದ ಮೇಲೆ ಫಾದರ್ ಕೈಸನ್ನೆ ಮಾಡಿದರು. ನೆವ್ ಪೆಟ್ಟಿಗೆಯ ಪಕ್ಕ ನಿಂತು ಕೊನೆಯ ಅಂಕದ ಮಾತು ಶುರು ಮಾಡಿದ. ಚೆನ್ನಾಗಿಯೇ ಹೇಳಿದ. ಆಲ್ಬಿ ಕಾಯಿಲೆ ಬಿದ್ದರೆ ಇರಲಿ ಅಂತ ಇಪ್ಪತ್ತೈದು ವರ್ಷ ಆ ಪಾತ್ರದ ತಾಲೀಮು ಮಾಡಿದವನು ಅವನು. ಕಂಪನಿ ಮುಚ್ಚುವವರೆಗೂ ಆಲ್ಬಿ ಒಂದು ಆಟವನ್ನೂ ತಪ್ಪಿಸಿದವನಲ್ಲ, ನೆವ್ ಒಂದು ದಿನವೂ ಆ ಪಾತ್ರದಲ್ಲಿ ರಂಗಕ್ಕೆ ಇಳಿದವನಲ್ಲ. ಕಡಲು ಬಂತು, ಬಿರುಗಾಳಿ ಬಂತು, ಬಾಗಿಲು ತಟ್ಟಿದ್ದು ಬಂತು. ಆಮೇಲೆ ನಿಂತುಬಿಟ್ಟ.

ಮರೆತದ್ದಲ್ಲ. ಅವನ ನಾಲಿಗೆ ಆ ಮಾತನ್ನು ಇಡೀ ಜನ್ಮದಲ್ಲಿ ಆಡಿಯೇ ಇರಲಿಲ್ಲ. ತಾಲೀಮಿನಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ರೂಢಿಯಂತೆ ನಿಂತಿತು. ನೆವ್ ಬಾಯಿ ತೆರೆದ, ಮುಚ್ಚಿದ, ಕಂಬದ ಕಡೆ ನೋಡಿದ. ಮುಂದಿನ ಬೆಂಚಿನಲ್ಲಿ ಲೋರ್ನಾಳ ಟೋಪಿ ಸ್ವಲ್ಪ ಅಲುಗಿತು.

ಮರ್ಲ್ ಜೊತೆಗೆ ತಂದಿದ್ದ ನಾಟಕದ ಪುಸ್ತಕ ಎದೆಗವಚಿ ಬೆಂಚುಗಳ ನಡುವೆ ನಡೆದಳು. ಪೆಟ್ಟಿಗೆಗೆ ಆರಡಿ ಇರುವಾಗ ನಿಂತಳು, ಅವಳ ಜಾಗ ಅಷ್ಟು ದೂರ. ಪುಟ ತೆರೆದಳು. ನೆವ್ ತನಗೆ ಕೊಡುತ್ತಾಳೆಂದು ಕಿವಿ ಚಾಚಿದ.

"ನಾನು ತಿರುಗಿ..." ಅಂದಳು.

ಪಕ್ಕದಲ್ಲಿದ್ದ ಫಾದರ್‌ಗೆ ಕೇಳಲಿಲ್ಲ, ಲೋರ್ನಾಳಿಗೆ ಕೇಳಲಿಲ್ಲ, ನೆವ್‌ಗೂ ಕೇಳಲಿಲ್ಲ. ಆ ದನಿ ಯಾರಿಗೆ ಮುಟ್ಟಬೇಕೋ ಅಲ್ಲಿಗೆ ಮಾತ್ರ ಮುಟ್ಟುವಂತೆ ಬಿಟ್ಟಿದ್ದಳು.

ಎರಡು ಪದ ಕೊಟ್ಟಾಗಿತ್ತು. ಉಳಿದದ್ದು ಆಲ್ಬಿಯದ್ದು. ಅವಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಅವನು ಎತ್ತಿಕೊಳ್ಳಲಿ ಅಂತ ಕಾದಳು. ಪೆಟ್ಟಿಗೆ ಹೊರುವ ನಾಲ್ವರು ಬಂದು ಪಕ್ಕದಲ್ಲಿ ನಿಂತರು. ಅವಳು ಬೆರಳು ತೆಗೆಯಲಿಲ್ಲ.