ಬಾಗಿಲಿಗೆ ಬಂದ ಆ್ಯಪು

ವೀರಬಸಮ್ಮ ಜೋಳದ ರೊಟ್ಟಿ ತಟ್ಟುತ್ತಲೇ ಉಪ್ಪಿನ ಡಬ್ಬಿಗೆ ಒರಗಿಸಿದ್ದ ಟ್ಯಾಬನ್ನು ಬೆರಳಗೆಣ್ಣಿನಿಂದ ಮುಟ್ಟಿದಳು. ಬೆರಳ ತುದಿಗಳೆಲ್ಲ ಹಿಟ್ಟಾಗಿದ್ದವು. ಗದ್ವಾಲದಲ್ಲಿರುವ ತಂಗಿ ಶಿವಲೀಲಾಗೆ ಪತ್ರ ಬರೆಯಬೇಕಿತ್ತು.

ಶಿವಲೀಲಾಳ ಮೊಣಕಾಲಿನ ಆಪರೇಷನ್ನಿಗೆ ದವಾಖಾನೆಯವರು ಬರುವ ಸೋಮವಾರ ಗೊತ್ತು ಮಾಡಿದ್ದರು. ನೋಡಿಕೊಳ್ಳಲು ಯಾರೂ ಇಲ್ಲ, ನಾನು ಹೋಗುವುದಿಲ್ಲ ಎಂದು ಅವಳ ಹಟ. ಫೋನಿನಲ್ಲಿ "ನಾ ಬರ್ತೀನಿ" ಎಂದರೆ ನಕ್ಕು ಇಟ್ಟುಬಿಡುತ್ತಿದ್ದಳು. ಬರೆದದ್ದನ್ನಾದರೆ ಅರ್ಧಕ್ಕೆ ಇಡಲು ಬರುವುದಿಲ್ಲ. ಆದರೆ ತಂಗಿ ಚಿಕ್ಕಂದಿನಲ್ಲೇ ಶಾಲೆ ಕಲಿತವಳು, ಅಕ್ಕ ತಲೆ ನರೆತ ಮೇಲೆ ಮಕ್ತಲ್‌ನ ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದವಳು. ಎಷ್ಟೋ ತಿಂಗಳಿಂದ ಬರೆದ ಒಂದೊಂದು ಪತ್ರವೂ ಅಕ್ಷರ ಸೊಟ್ಟಗಾಯಿತೆಂದು ಒಲೆಗೆ ಹೋಗಿತ್ತು. ಇನ್ನು ಅಂಚೆಗೆ ಹೊತ್ತಿಲ್ಲ. ಟ್ಯಾಬಿನಲ್ಲಿ ಅಕ್ಷರಗಳಾದರೂ ನೆಟ್ಟಗೆ ನಿಲ್ಲುತ್ತವೆ.

ಕನ್ನಡ ಬರೆಯುವ ಆ್ಯಪೊಂದು ಬೇಕಿತ್ತು. ನಾರಾಯಣಪೇಟೆಯ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುವ ಸೊಸೆ ನವನೀತಾ ಹೊರಡುವಾಗ ಹೇಳಿದ್ದಳು: "ಅತ್ತಿ, ಪ್ಲೇ ಸ್ಟೋರ್‌ನಾಗ ಹುಡುಕ್ರಿ. ಬ್ಯಾರೆ ಎಲ್ಲೂ ಒತ್ತಬ್ಯಾಡ್ರಿ." ವೀರಬಸಮ್ಮ ತಲೆಯಾಡಿಸಿದ್ದಳು. ತಿಳಿದರೂ ತಿಳಿಯದಿದ್ದರೂ ಒಂದೇ ರೀತಿ ತಲೆಯಾಡಿಸುವ ವಿದ್ಯೆ ರಾತ್ರಿ ಶಾಲೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಮೊದಲು ಬಂದಿತ್ತು.

ಭಜನೆಯ ವಿಡಿಯೋ ನಡುವೆ "ಕನ್ನಡದಲ್ಲಿ ಬರೆಯಿರಿ, ಉಚಿತ!" ಎಂದು ಮಿಂಚಿತು. ಒತ್ತಿದಳು. ಒಳಗೆ ಬಂದ ಆ್ಯಪು ನಿಮ್ಮ ನಂಬರುಗಳನ್ನು ನೋಡಲೇ, ಫೋಟೊ ನೋಡಲೇ, ಮೆಸೇಜು ಕಳಿಸಲೇ ಎಂದು ಕೇಳುತ್ತ ಹೋಯಿತು. ಅವರ ಓಣಿಯಲ್ಲಿ ಹೊಸ್ತಿಲಲ್ಲಿ ನಿಂತು ಕೇಳಿದವರಿಗೆ ಇಲ್ಲ ಎನ್ನುವ ರೂಢಿಯಿಲ್ಲ. ಕೊಡಲು ಏನಿಲ್ಲದಿದ್ದರೂ ಕೂರಿಸಿ ನೀರು ಕೊಡುತ್ತಾರೆ. ಕೇಳಿ ನೋಡುವಷ್ಟು ಮರ್ಯಾದೆ ಇದಕ್ಕಾದರೂ ಇದೆಯಲ್ಲ ಎಂದು ಅವಳಿಗೆ ಹಿಡಿಸಿತು. "ನೋಡಪಾ, ನೋಡು," ಎನ್ನುತ್ತ ಎಲ್ಲಕ್ಕೂ ಒಪ್ಪಿಗೆ ಒತ್ತಿದಳು.

"ಪ್ರೀತಿಯ ಲೀಲಾ" ಎಂದು ಬರೆಯುವಷ್ಟರಲ್ಲಿ ಪರದೆಯ ತುಂಬ ಇಸ್ಪೀಟಿನ ಎಲೆಗಳು ಹರಡಿದವು. ಸರಿಸಿದರೆ ಕೂದಲೆಣ್ಣೆ, ಅದನ್ನು ಸರಿಸಿದರೆ ಮತ್ತೆ ಇಸ್ಪೀಟು. ಅಷ್ಟರಲ್ಲಿ ಫೋನು ಬಂತು. ಮಠದ ಐನೋರು.

"ವೀರಬಸಮ್ಮಾ, ಇಸ್ಪೀಟ್ ಆಡಾಕ ಬರ್ರಿ ಅಂತ ಮೆಸೇಜ್ ಹಾಕೀರಲ್ಲ. ಪೂಜಿ ಮುಗಿಸಿ ಬರ್ಲೋ, ಈಗಽ ಬರ್ಲೋ?"

ಇಷ್ಟು ವರ್ಷದಲ್ಲಿ ಐನೋರನ್ನು ಲಿಖಿತವಾಗಿ ಮನೆಗೆ ಕರೆದದ್ದು ಇದೇ ಮೊದಲು. ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು.

ಸಂಜೆ ಬಂದ ನವನೀತಾ ಬೈಯಲಿಲ್ಲ. ನಕ್ಕಳು. ಅದು ಇನ್ನೂ ಕೆಟ್ಟದ್ದು.

"ಅದು ಕೇಳ್ತವ್ವಾ, ನಾ ಕೊಟ್ಟೆ," ಎಂದಳು ವೀರಬಸಮ್ಮ.

"ಬರಿಯಾಕ ಬಂದದ್ದಕ್ಕ ನಿಮ್ಮ ಫೋಟೊ ಯಾಕ ಬೇಕ್ರಿ ಅತ್ತಿ? ನೀರು ಕೇಳಾಕ ಬಂದವ ಕಪಾಟಿನ ಕೀಲಿ ಕೇಳಿದ್ರ ಕೊಡ್ತಿದ್ರೇನು?"

"ನಾನಾ? ಕೀಲಿ ಕೊಟ್ಟು, ಯಾವ ಖಾನೆದಾಗ ಏನೈತಿ ಅಂತ ತೋರ್ಸಿ ಬರ್ತಿದ್ದೆ."

ನವನೀತಾ ನೆಟ್ಟು ಬಂದ್ ಮಾಡಿ, ಸೆಟ್ಟಿಂಗ್‌ಗೆ ಹೋಗಿ, ಆ್ಯಪಿಗೆ ಕೊಟ್ಟಿದ್ದ ಒಪ್ಪಿಗೆಗಳನ್ನೆಲ್ಲ ಹಿಂದಕ್ಕೆ ಪಡೆದು ಅದನ್ನು ಕಿತ್ತುಹಾಕಿದಳು. ಮತ್ತೆ ನೆಟ್ಟು ಹಚ್ಚಿ ಪಾಸ್‌ವರ್ಡು ಬದಲಿಸಿದಳು. ಅತ್ತೆಯ ಹೆಸರಿನಲ್ಲಿ ಬಂದ ಮೆಸೇಜನ್ನು ಯಾರೂ ಒತ್ತಬೇಡಿ ಎಂದು ತನ್ನ ಫೋನಿನಿಂದ ಬಳಗಕ್ಕೆಲ್ಲ ತಿಳಿಸಿದಳು. ಆಮೇಲೆ ಟ್ಯಾಬನ್ನು ಅತ್ತೆಯ ಕೈಗೇ ಕೊಟ್ಟಳು.

"ಈಗ ನೀವಽ ಹಾಕ್ರಿ. ಯಾರು ಮಾಡ್ಯಾರ ನೋಡ್ರಿ, ಹಾಕ್ಕೊಂಡವರು ಏನಂದಾರ ಓದ್ರಿ."

ವೀರಬಸಮ್ಮ ಪ್ಲೇ ಸ್ಟೋರ್ ತೆರೆದು ಅಕ್ಷರ ಅಕ್ಷರ ಕೂಡಿಸಿ ಜನರ ದೂರುಗಳನ್ನೆಲ್ಲ ಓದಿದಳು. "ನನ್ನಂಥಾವರು ಭಾಳ ಮಂದಿ ಅದಾರ ಬಿಡು," ಎಂದು ಸಮಾಧಾನಪಟ್ಟಳು. ಯಾರೂ ಬೈಯದ ಒಂದನ್ನು ಆರಿಸಿ ಹಾಕಿದಳು. ಅದೂ ನಂಬರು ನೋಡಲೇ ಎಂದಿತು. ಹೆಬ್ಬೆರಳು ತಾನಾಗಿ ಒಪ್ಪಿಗೆಯ ಕಡೆಗೆ ಹೊರಟಿತು, ನಿಂತಿತು. "ತಪ್ಪು ತಿಳ್ಕೋಬ್ಯಾಡಪಾ," ಎಂದು ಪರದೆಗೆ ಹೇಳಿ ಬೇಡ ಎಂಬುದನ್ನು ಒತ್ತಿದಳು.

ಆಮೇಲೆ ಬರೆದಳು: "ಲೀಲಾ, ಆಯಿತವಾರ ನಾ ಬರ್ತೀನಿ. ನೀ ಎದ್ದು ಓಡಾಡೋತನಕ ಅಲ್ಲೇ ಇರ್ತೀನಿ. ರೊಟ್ಟಿ ನಾ ಮಾಡ್ತೀನಿ. ನೀ ದವಾಖಾನಿಗೆ ಹೋಗಾಕಽ ಬೇಕು."

ನವನೀತಾ ಹೆಗಲ ಮೇಲಿಂದ ಇಣುಕಿದಳು. "ಎಲ್ಡು ಕಡೆ ಒತ್ತಕ್ಷರ ತಪ್ಪೈತ್ರಿ. ತಿದ್ದಲೇನು?"

"ಬ್ಯಾಡ. ತಿದ್ಕೋಂತ ಕುಂತ್ರ ಸೋಮವಾರ ಹೋಗಿಬಿಡ್ತೈತಿ. ನಗ್ತಾಳ, ನಗಲಿ. ಕಾಲು ನೆಟ್ಟಗಾದ್ರ ಸಾಕು."

ವೀರಬಸಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಪತ್ರ ಕಳಿಸಿದಳು.