ಅಕ್ಕನ ಕಾಲಿಗೊಂದು ಜಾಗ

ನಮ್ಮ ಭಾವ ಮೋಸಗಾರರೆಂದು ನಾನು ಒಂದಿಡೀ ವಾರ ನಂಬಿದ್ದೆ. ಆಧಾರವಿಲ್ಲದ ನಂಬಿಕೆಯಲ್ಲ ಅದು, ಕಣ್ಣಾರೆ ಕಂಡದ್ದು. ಬಣ್ಣ ತಯಾರಿಸುವ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ಮಧ್ಯಮ ದರ್ಜೆಯ ಅಧಿಕಾರಿಯಾದ ನಾನು ವರ್ಷಕ್ಕೆ ಎರಡು ಸಲ ವಿಮಾನ ಹತ್ತುವವನು, ಮತ್ತು ಆ ಎರಡು ಸಲದ ವೃತ್ತಾಂತವನ್ನು ವರ್ಷವಿಡೀ ಬಂಧುಗಳ ಕಿವಿಗೆ ಹಾಕುತ್ತಿರುವವನು. ಅಂಥ ಒಂದು ಬೆಳಗ್ಗೆ ವಿಮಾನ ನಿಲ್ದಾಣದ ಉದ್ದನೆಯ ಸಾಲಿನಲ್ಲಿ ನಿಂತು, ಅನುಭವಿ ಪ್ರಯಾಣಿಕನಿಗೆ ಶೋಭಿಸುವ ಬೇಸರವನ್ನು ಮುಖಕ್ಕೆ ತಂದುಕೊಳ್ಳುತ್ತಿದ್ದಾಗ ಪಕ್ಕದ ದ್ವಾರದಲ್ಲಿ ಒಂದು ಗಾಲಿಕುರ್ಚಿ ಕಾಣಿಸಿತು. ಅದರಲ್ಲಿ ಬಲಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ, ಬೂದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಪರೀಕ್ಷೆಗೆ ಹೊರಟವರ ಗಾಂಭೀರ್ಯದಿಂದ ಕುಳಿತಿದ್ದ ನಮ್ಮ ಭಾವ, ನಿಂತವರೆಲ್ಲರ ಕಣ್ಣೆದುರೇ ಸರಾಗವಾಗಿ ಒಳಗೆ ಸಾಗಿಹೋದರು. ಮರುದಿನ ಸಂಜೆ ನಾನು ಊರಿಗೆ ಮರಳಿ ಅವರ ಅಂಗಡಿಗೆ ಹೋದರೆ, ಅದೇ ಭಾವ ಏಣಿಯ ಮೇಲೆ ನಿಂತು, ಅದೇ ಬಲಗಾಲನ್ನು ಮಡಚಿ ಅಟ್ಟದ ಅಂಚಿಗೆ ಊರಿ, ಹಳೆಯ ಫ್ರೇಮುಗಳ ಡಬ್ಬಿ ಇಳಿಸುತ್ತಿದ್ದಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ, ಹೋಗಿ ಬಂದೆ ಎಂದಷ್ಟೇ ಹೇಳಿ ಇನ್ನೊಂದು ಡಬ್ಬಿಗೆ ಕೈ ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಏಕೆಂದರೆ ಮಡಚಲಾಗದ ಬಲಗಾಲು ಇದ್ದದ್ದು ಅವರಿಗಲ್ಲ, ಅವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ. ಚಿಕ್ಕ ವಯಸ್ಸಿನಲ್ಲೇ ಮೊಣಕಾಲಿನ ಕೀಲಿಗೆ ಸೋಂಕು ತಗುಲಿ, ಮತ್ತೆ ಮತ್ತೆ ಕೊಯ್ದು, ಕೊನೆಗೆ ವೈದ್ಯರು ಮೂಳೆಗೆ ಮೂಳೆ ಬೆಸೆದುಬಿಟ್ಟಿದ್ದರು. ನಿಂತರೆ ಯಾರಿಗೂ ಗೊತ್ತಾಗದು. ಕುಳಿತರೆ ಮಾತ್ರ ಆ ಕಾಲು ಕೋಣೆಯ ನಡುವೆ ಅಡ್ಡಗಟ್ಟಿದಂತೆ ಚಾಚಿಕೊಂಡಿರುತ್ತದೆ. ಸಾಲು ತಪ್ಪಿಸಿಕೊಳ್ಳಲು ಹೆಂಡತಿಯ ಕಾಲನ್ನೇ ನಕಲು ಮಾಡುವ ಗಂಡಸು ಇನ್ನೇನು ತಾನೇ ಮಾಡಲಾರ ಎಂದು ನಾನು ಹಲ್ಲು ಕಚ್ಚಿಕೊಂಡೆ.

ಭಾವನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷಿಸುವ ಕತ್ತಲೆಯ ಪುಟ್ಟ ಕೋಣೆ, ಅದರ ಹೊರಗೆ ಗಾಜಿನ ಕಪಾಟು, ಕಪಾಟಿನ ತುಂಬ ತಮ್ಮ ಮುಖಗಳಿಗಾಗಿ ಕಾದು ಕುಳಿತ ಫ್ರೇಮುಗಳು. ಗಿರಾಕಿಯ ಕಣ್ಣೆದುರು ಗಾಜುಗಳನ್ನು ಬದಲಿಸುತ್ತ "ಇದೋ... ಇದೋ?" ಎಂದು ಕೇಳುವುದು ಆ ವೃತ್ತಿಯವರೆಲ್ಲರ ಮಾತೇ. ಆದರೆ ಭಾವನಲ್ಲಿ ಅದು ಅಂಗಡಿಯ ಬಾಗಿಲು ದಾಟಿ ಇಡೀ ಬದುಕಿಗೆ ಹಬ್ಬಿತ್ತು. ಛತ್ರಿ ಕೊಳ್ಳುವಾಗ ಎರಡನ್ನು ಬಿಚ್ಚಿ ಅಕ್ಕನನ್ನು ಕೇಳುವರು, ತರಕಾರಿಯವನ ಮುಂದೆ ಎರಡು ಸೌತೆಕಾಯಿ ಹಿಡಿದು ನನ್ನನ್ನು ಕೇಳುವರು. ಕೇಳಿದ ಮೇಲೆ ನಮ್ಮ ಉತ್ತರವನ್ನು ನಂಬದೆ ಮೂರನೆಯದೊಂದನ್ನು ಎತ್ತಿಕೊಳ್ಳುವರು. ಎದುರಿಗೆ ಕನ್ನಡಕ ಹಾಕಿದವರು ಯಾರೇ ಬಂದರೂ, ಮಾತಿನ ಮಧ್ಯೆಯೇ ಅದನ್ನು ಅವರ ಮೂಗಿನಿಂದ ಕಳಚಿ, ಕೋಟಿನ ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸುತ್ತಿದ್ದರು. ಒಮ್ಮೆ ನಮ್ಮ ಕಂಪನಿಯ ಮೇಲಧಿಕಾರಿಗಳನ್ನು, ನನ್ನ ಬಂಧುವಿನ ಅಂಗಡಿಯೆಂಬ ಹೆಮ್ಮೆಯಿಂದ ಅಲ್ಲಿಗೆ ಕರೆದೊಯ್ದಿದ್ದೆ. ಅವರು ಮಾರುಕಟ್ಟೆಯ ಭವಿಷ್ಯದ ಬಗ್ಗೆ ಗಹನವಾದುದೇನನ್ನೋ ಹೇಳುತ್ತಿದ್ದಾಗ ಭಾವ ಅವರ ಕನ್ನಡಕ ಕಿತ್ತುಕೊಂಡುಬಿಟ್ಟರು. ಕನ್ನಡಕವಿಲ್ಲದ ಮೇಲಧಿಕಾರಿ ಆಗಷ್ಟೇ ಎದ್ದ ಮಗುವಿನಂತೆ ಕಣ್ಣು ಪಿಳುಕಿಸಿದ ಆ ದೃಶ್ಯವನ್ನು ನಾನು ನೋಡಬಾರದಿತ್ತು. ಆ ವರ್ಷ ನನ್ನ ಬಡ್ತಿ ತಪ್ಪಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೇ ನಂಬಿದ್ದೇನೆ.

ಇಂಥವರ ಮೋಸವನ್ನು ಬಯಲಿಗೆಳೆಯುವುದು ತಮ್ಮನಾದ ನನ್ನ ಕರ್ತವ್ಯವೆಂದು ಬಗೆದು, ಅವರಿಲ್ಲದ ಹೊತ್ತು ನೋಡಿಕೊಂಡು ಅಕ್ಕನ ಮನೆಗೆ ಹೋದೆ. ಭಾವನ ವಿಷಯ ಯಾಕೋ ಸರಿಯಿಲ್ಲ, ಯಾರಿಗೂ ಹೇಳದೆ ವಿಮಾನ ಹತ್ತುತ್ತಿದ್ದಾರೆ ಎಂದು ಪೀಠಿಕೆ ಹಾಕಿದೆ. ಅವಳು ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು ನಕ್ಕಳು.

"ಒಂದು ಸೋಫಾ ಆರಿಸೋಕೆ ಇವರಿಗೆ ನಾಲ್ಕು ವರ್ಷ ಬೇಕಾಯ್ತು ಕಣೋ. ಇನ್ನೊಂದು ಸಂಸಾರ ಅಂದ್ರೆ ಈ ಜನ್ಮ ಸಾಲಲ್ಲ."

ಅವರು ಹೋಗುವುದು ತನಗಾಗಿ ಸೀಟು ನೋಡಲಿಕ್ಕೆ, ಯಾವ ವಿಮಾನದಲ್ಲಿ ಕಾಲಿಗೆ ಎಷ್ಟು ಜಾಗ ಎಂದು ತಿಳಿಯಲಿಕ್ಕೆ, ಅದು ತನಗೆ ಗೊತ್ತೇ ಇದೆ ಎಂದಳು. ಆಗ ನಾನು ಗಾಲಿಕುರ್ಚಿಯ ವಿಷಯ ಹೇಳಿದೆ; ಕಾಲನ್ನು ಮರದ ಹಾಗೆ ಚಾಚಿಕೊಂಡು ಕೂತಿದ್ದರು ಎಂದೆ. ಅವಳ ನಗು ನಿಂತಿತು.

"ಯಾವ ಕಾಲು?"

ಬಲಗಾಲು ಎಂದೆ. ಅಕ್ಕ ತನ್ನ ಕಾಲಿನ ಮೇಲಿನ ಸೀರೆಯನ್ನು ನಿಧಾನವಾಗಿ ಸರಿಪಡಿಸಿಕೊಂಡಳು. ನೀನು ನೋಡಿದೆ ಅಂತ ಅವರಿಗೆ ಹೇಳಬೇಡ ಎಂದು ಹೇಳಿ ಒಳಗೆದ್ದು ಹೋದಳು. ನನ್ನ ಕರ್ತವ್ಯನಿಷ್ಠೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ನಾನೂ ಎದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕಮ್ಮ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು, ಅಕ್ಕನ ಪ್ರತಿಯೊಂದು ಶಸ್ತ್ರಚಿಕಿತ್ಸೆಯಲ್ಲೂ ಆಸ್ಪತ್ರೆಯ ಮಂಚದ ಬಳಿ ಕದಲದೆ ಕುಳಿತವಳು. ರೈಲಿನಲ್ಲಾದರೆ ಎರಡು ಹಗಲು ಎರಡು ಇರುಳಿನ ಹಾದಿಯಷ್ಟು ದೂರದ ಪಟ್ಟಣದಲ್ಲಿ, ಮಗ ಸೊಸೆಯ ಜೊತೆಗಿದ್ದ ಆಕೆಯ ಹೃದಯ ಸೋಲುತ್ತ ಬಂದಿತ್ತು. ಗುಣವಾಗುವುದಿಲ್ಲ, ಆದರೆ ಅವಸರವೂ ಇಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದ್ದರು. ಒಂದು ಸಲ ಬಂದು ಮುಖ ತೋರಿಸಿ ಹೋಗು ಎಂದು ಆಕೆ ಅಕ್ಕನಿಗೆ ಫೋನು ಮಾಡಿದ್ದು ಬೇಸಿಗೆಯ ಆರಂಭದಲ್ಲಿ. ಅಕ್ಕ ಹೊರಡಲು ಸಿದ್ಧಳಿದ್ದಳು. ಸಿದ್ಧವಿಲ್ಲದವರು ಭಾವ.

ಅದಕ್ಕೂ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ಅಕ್ಕನನ್ನು ಮೊದಲ ಬಾರಿ ವಿಮಾನದಲ್ಲಿ ಕರೆದೊಯ್ದಾಗ, ಸಿಕ್ಕ ಸೀಟಿನಲ್ಲಿ ಅವಳೊಬ್ಬಳೇ, ಅವರು ಎಷ್ಟೋ ಸಾಲು ಹಿಂದೆ. ಹಾದಿಗೆ ಚಾಚಿದ ಅವಳ ಪಾದಕ್ಕೆ ಊಟದ ತಳ್ಳುಗಾಡಿ ಬಡಿದು ಉಗುರು ಒಡೆದಿತ್ತು. ಯಾರೋ ಒಬ್ಬ ದೊಡ್ಡ ಮನುಷ್ಯ, ಕಾಲು ಮಡಚಿ ಕೂರಲು ಬರದವರು ಮನೆಯಲ್ಲಿರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಅಕ್ಕ ಮುಸುಕೆಳೆದುಕೊಂಡು ಅತ್ತದ್ದನ್ನು ಭಾವ ಹಿಂದಿನಿಂದ, ಅವಳ ತಲೆಯ ಅಲುಗಾಟದಿಂದಲೇ ತಿಳಿದುಕೊಂಡಿದ್ದರು. ಬೆಲ್ಟಿನ ದೀಪ ಉರಿಯುತ್ತಿದ್ದುದರಿಂದ ಏಳಲಾಗಲಿಲ್ಲ. ಇನ್ನೊಮ್ಮೆ ಹಾಗಾಗಬಾರದು ಎಂಬುದು ಅವರ ಪಾಲಿಗೆ ಸಂಕಲ್ಪವಾಗಿಬಿಟ್ಟಿತ್ತು.

ಹೀಗೆ ಅವರ ಸಂಶೋಧನೆ ಆರಂಭವಾಯಿತು. ವಿಮಾನಗಳ ಹೆಸರು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಸೀಟಿನಲ್ಲಿ ತಲೆ ಆನಿಸುವ ಕಡೆಯ ಬಟ್ಟೆಯ ಬಣ್ಣ ನೋಡಿ ನೇರಳೆ, ಹಸಿರು, ಬೂದು ಎಂದು ಅವರೇ ನಾಮಕರಣ ಮಾಡಿಕೊಂಡಿದ್ದರು. ಮೊಣಕಾಲಿನ ಎರಡು ಪಕ್ಕಕ್ಕೂ ಮರದ ಅಡಿಪಟ್ಟಿ ಇಟ್ಟು ಬಟ್ಟೆ ಸುತ್ತಿಕೊಂಡು, ಅತಿ ಹತ್ತಿರದ ಊರಿಗೆ ಹೋಗಿ ಅದೇ ಸಂಜೆ ಮರಳುವರು. ತಪಾಸಣೆಯವರು ಒಮ್ಮೆ ಆ ಕಟ್ಟನ್ನು ಬಿಚ್ಚಿಸಿ, ಒಳಗೆ ಗಾಯವೇ ಇಲ್ಲದ್ದನ್ನು ಕಂಡು ತಬ್ಬಿಬ್ಬಾದರಂತೆ. ಇದು ನನ್ನ ಹೆಂಡತಿಯ ಕಾಲು ಎಂದು ಭಾವ ಉತ್ತರಿಸಿದ್ದರಂತೆ. ಇದನ್ನೆಲ್ಲ ಮುಂದೊಂದು ದಿನ ಅವರೇ ನನಗೆ ಹೇಳಿದರು, ಅದೂ ನನ್ನ ವಿಮಾನಯಾನದ ಪಾಂಡಿತ್ಯವನ್ನು ಬಳಸಿಕೊಳ್ಳುವ ಸಲುವಾಗಿ. ಕಾಲು ಚಾಚಲು ಬೇಕಾದಷ್ಟು ಜಾಗವಿರುವ ತುರ್ತು ಬಾಗಿಲ ಸಾಲನ್ನು ಹಿಡಿಯಿರಿ ಎಂದು ನಾನು ಠೀವಿಯಿಂದ ಸಲಹೆ ಕೊಟ್ಟೆ. ಆ ಸಾಲನ್ನು ಓಡಾಡಬಲ್ಲ ಗಟ್ಟಿಮುಟ್ಟಾದವರಿಗೆ ಮಾತ್ರ ಕೊಡುತ್ತಾರೆ, ಅಂದರೆ ಕಾಲು ಚಾಚುವ ಜಾಗ ಇರುವುದು ಮಡಚಬಲ್ಲವರಿಗೆ ಎಂದು ಅವರು ಬೇಸರವಿಲ್ಲದೆ ವಿವರಿಸಿದರು. ಮೊದಲ ಸಾಲಿನಲ್ಲಿ ಎದುರಿಗೆ ಗೋಡೆ, ಕೈಯಾನಿಕೆಯನ್ನು ಎತ್ತಲಾಗದು. ಬಲಗಾಲಾದ್ದರಿಂದ ಎಡಗಡೆಯ ಸೀಟುಗಳ ಪೈಕಿ ಹಾದಿಗೆ ಅಂಟಿದ್ದೇ ಆಗಬೇಕು. ನೇರಳೆಯಲ್ಲಿ ಸೀಟು ವಿಶಾಲ, ಆದರೆ ಬಸ್ಸಿನಲ್ಲಿ ಕೊಂಡೊಯ್ದು ಮೆಟ್ಟಿಲು ಹತ್ತಿಸುತ್ತಾರೆ. ಹಸಿರಿನಲ್ಲಿ ಮೆಟ್ಟಿಲೂ ಉಂಟು, ಇಕ್ಕಟ್ಟೂ ಉಂಟು. ಬೂದು ಎಲ್ಲ ವಿಧದಲ್ಲೂ ಲೇಸು, ಆದರೆ ಹೋಗುವ ವಿಮಾನ ಒಂದು ಮಾದರಿಯದು, ಬರುವುದು ಇನ್ನೊಂದು ಮಾದರಿಯದು, ಆ ಇನ್ನೊಂದನ್ನು ಇನ್ನೂ ನೋಡಿಲ್ಲ.

ಆ ಇನ್ನೊಂದನ್ನು ನೋಡುವುದರೊಳಗೆ ಬೇಸಿಗೆ ಮುಗಿಯಿತು, ಮಳೆಯೂ ಮುಗಿಯುತ್ತ ಬಂತು. ಯಾವಾಗ ಬರ್ತೀಯೇ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ, ಇವರು ಇನ್ನೂ ಸೀಟು ಹುಡುಕ್ತಾ ಇದ್ದಾರೆ ಎಂದು ಅಕ್ಕ ಹೇಳುವಳು; ನಿನ್ನ ಗಂಡ ವಿಮಾನವನ್ನೇ ಹೊಲಿಸ್ತಾ ಇದ್ದಾನೇನೆ ಎಂದು ಆಕೆ ಕೆಮ್ಮುತ್ತ ನಗುವಳು. ಕೊನೆಗೊಂದು ಸಂಜೆ ಭಾವ ನಮ್ಮ ಮನೆಗೇ ಬಂದು, ನನ್ನ ಕನ್ನಡಕ ಒರೆಸುತ್ತ, ಬೂದು ವಿಮಾನದ ಮೂರನೆಯ ಸಾಲಿನ ಸೀಟು ಸಿಕ್ಕಿದೆ, ಮುಂದಿನ ತಿಂಗಳ ಮೊದಲ ವಾರ ಹೊರಡುತ್ತೇವೆ ಎಂದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

ಆ ತಿಂಗಳು ಬರುವ ಮೊದಲೇ, ಬೆಳಗಿನ ಕಾಫಿಯ ಹೊತ್ತಿಗೆ, ಚಿಕ್ಕಮ್ಮನ ಮಗ ಫೋನು ಮಾಡಿದ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು.

ಅಂದು ಸಿಕ್ಕಿದ್ದು ಹಸಿರು ವಿಮಾನ, ಕಟ್ಟಕಡೆಯ ಸಾಲು, ಶೌಚಾಲಯದ ಪಕ್ಕ. ನಾವು ಮೂವರೂ ಹೊರಟೆವು. ಗಾಲಿಕುರ್ಚಿ ಸಮೇತ ಎತ್ತಿ ಹತ್ತಿಸುವ ಗಾಡಿ ಬೇರೆಲ್ಲೋ ಇದೆ, ಬರುವುದು ತಡವಾಗುತ್ತದೆ ಎಂದು ನಿಲ್ದಾಣದವರು ಹೇಳಿದರು. ಅಕ್ಕ ಗಾಲಿಕುರ್ಚಿಯಿಂದ ಎದ್ದು ಮೆಟ್ಟಿಲಿನ ಕಂಬಿ ಹಿಡಿದಳು. ಎಡಗಾಲು ಮೇಲಿಟ್ಟು, ಬಲಗಾಲನ್ನು ಸುತ್ತಿ ಎಳೆದುಕೊಳ್ಳುತ್ತ, ಒಂದೊಂದೇ ಮೆಟ್ಟಿಲು. ಅವಳ ಹಿಂದೆ ಭಾವ, ತುಂಬಿದ ಕೊಡವನ್ನು ಹಿಡಿದವರಂತೆ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಆದರೆ ಮುಟ್ಟದೆ. ಹಾದಿಯ ತುಂಬ ಜನ ಓಡಾಡುತ್ತಿದ್ದುದರಿಂದ ಅವಳನ್ನು ಕಿಟಕಿಯ ಕಡೆ ಕೂರಿಸಿ, ನಡುವೆ ಭಾವ ಕುಳಿತು, ಅವಳ ಕಾಲಿಗೆ ತಮ್ಮ ಪಾದದ ಜಾಗವನ್ನೂ ಬಿಟ್ಟುಕೊಟ್ಟು, ಏರುವಷ್ಟು ಹೊತ್ತೂ ತಮ್ಮ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡಿದ್ದರು. ಬೆಲ್ಟಿನ ದೀಪ ಆರಿದ ಮೇಲೆ ಅಕ್ಕ ಕಿಟಕಿಗೆ ಬೆನ್ನು ಕೊಟ್ಟು ತಿರುಗಿದಳು. ಭಾವ ಅವಳ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹಿಮ್ಮಡಿ ನನ್ನ ತೊಡೆಯವರೆಗೂ ಬಂತು. ಗಗನಸಖಿ ಬಂದು ನೋಡಿ, ಒಂದು ದಿಂಬು ತಂದುಕೊಟ್ಟು ಹೋದಳು.

ಮೋಡಗಳು ಕೆಳಗಾದ ಮೇಲೆ ಅಕ್ಕ ಕೇಳಿದಳು.

"ಇಷ್ಟೇನಾ ರೀ?"

ಭಾವ ಅವಳ ಕಡೆ ನೋಡಿದರು.

"ಇಷ್ಟೇ ಆಗಿದ್ರೆ ಬೇಸಿಗೇಲೇ ಬಂದುಬಿಡಬಹುದಿತ್ತಲ್ಲ."

ಆ ದನಿಯಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಭಾವ ಅದನ್ನು ಹೇಗೋ ತಾಳಿಕೊಳ್ಳುತ್ತಿದ್ದರೇನೋ. ಅವಳ ಪಾದವನ್ನು ಒತ್ತುತ್ತಿದ್ದ ಅವರ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒತ್ತತೊಡಗಿತು. ನಾನು, ವರ್ಷಕ್ಕೆರಡು ಸಲ ಹಾರುವ ಅನುಭವಸ್ಥ, ಮುಂದಿನ ಸೀಟಿನ ಜೇಬಿನಲ್ಲಿದ್ದ ಸುರಕ್ಷತಾ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೂ ಓದಿದೆ.

ನಾವು ತಲುಪುವುದರೊಳಗೆ ಎಲ್ಲ ಮುಗಿಸಿಬಿಟ್ಟಿದ್ದರು. ಚಿಕ್ಕಮ್ಮನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಮಂಚದ ಪಕ್ಕದಲ್ಲೊಂದು ಕುರ್ಚಿ, ಅದರೆದುರು ಅಷ್ಟೇ ಎತ್ತರದ ಒಂದು ಸ್ಟೂಲು, ಸ್ಟೂಲಿನ ಮೇಲೆ ಹೂವಿನ ಚಿತ್ರದ ಬಟ್ಟೆಯ ಮೆತ್ತೆ. ಅದೇನೆಂದು ನಾವು ಕೇಳುವ ಮೊದಲೇ ಸೊಸೆ ಹೇಳಿದಳು: ಬೇಸಿಗೆಯಲ್ಲೇ ಅತ್ತೆ ಬಡಗಿಯನ್ನು ಕರೆಸಿ ಇದನ್ನು ಮಾಡಿಸಿದರು, ಅವಳು ಬಂದರೆ ಕಾಲಿಡೋಕೆ ಬೇಕು ಅಂತ, ಮೆತ್ತೆ ಅವರೇ ಹೊಲಿದದ್ದು. ಅಕ್ಕ ಕುರ್ಚಿಯಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲಿಟ್ಟಳು. ಸರಿಯಾಗಿ ಹೊಂದಿತು. ಆಗ ಅವಳು ಅತ್ತಳು. ಭಾವ ಬಾಗಿ, ಆ ಮೆತ್ತೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ, ಹೊರಗೆ ಹೋಗಿ ಅಂಗಳದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಬೂದು ಕೋಟಿನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

ಇಂಥವರು ಎಲ್ಲ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆಂದು ಈಗ ನನಗನಿಸುತ್ತದೆ. ಪ್ರೀತಿಯ ಮಾತು ಅವರ ಬಾಯಿಗೆ ಬಾರದು. ಅದು ಛತ್ರಿಯ ಹಿಡಿಯನ್ನು ತಟ್ಟಿ ನೋಡುವ ಬೆರಳಿನಲ್ಲಿ, ಹಣ್ಣನ್ನು ಮೂಸಿ ಮತ್ತೆ ಬುಟ್ಟಿಗಿಡುವ ಅನುಮಾನದಲ್ಲಿ, ತಮ್ಮವರಿಗೆ ಮುಳ್ಳು ಚುಚ್ಚದ ದಾರಿಯೊಂದು ಎಲ್ಲೋ ಇದ್ದೇ ಇದೆಯೆಂಬ ಹಠದಲ್ಲಿ ವ್ಯಕ್ತವಾಗುತ್ತದೆ. ಆ ದಾರಿ ಸಿಗುವವರೆಗೆ ಲೋಕ ತಮ್ಮ ಅಂಗಡಿಯ ಬೆಂಚಿನ ಮೇಲೆ ಸಮಾಧಾನದಿಂದ ಕಾದಿರುತ್ತದೆಂದು ಅವರು ಭಾವಿಸುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ಅವರು ಆರಿಸಿಕೊಟ್ಟ ಛತ್ರಿಯನ್ನು ಮಾತ್ರ ಇಪ್ಪತ್ತು ವರ್ಷ ಹಿಡಿಯುತ್ತೇವೆ. ಅವರು ತಡಮಾಡಿದ ಒಂದೇ ಒಂದು ಸಲವನ್ನು ನಾವು ಮರೆತರೂ ಅವರು ಮರೆಯುವುದಿಲ್ಲ.

ಕಳೆದ ವಾರ ಕಂಪನಿಯ ಕೆಲಸಕ್ಕೆ ನಾನು ಮತ್ತೆ ಹೊರಡಬೇಕಾಯಿತು. ಅಂಗಡಿಯಲ್ಲಿ ಮಾತಿಗೆ ವಿಷಯ ಸಾಲದೆ, ಅಥವಾ ಬುದ್ಧಿ ಸಾಲದೆ, ಎಲ್ಲವನ್ನೂ ನೋಡಿದವರು ನೀವು, ಕೂರೋಕೆ ಯಾವ ವಿಮಾನ ಒಳ್ಳೇದು ಭಾವ ಎಂದು ಕೇಳಿಬಿಟ್ಟೆ. ಅವರು ತಲೆಯೆತ್ತಲಿಲ್ಲ.

"ಮೊದಲು ಹೊರಡೋದು."